ಕೊಯ್ದು ತೋರಿಸುವ ವ್ಯಾಪಾರ: ಸಣ್ಣ ಉತ್ಪಾದಕರ ಕೈಗೆ ಬಂದ ವಿಡಿಯೊ

ಬೇಸಿಗೆಯಲ್ಲಿ ರಸ್ತೆ ಬದಿ ಕಲ್ಲಂಗಡಿ ಮಾರುವವರನ್ನು ಒಮ್ಮೆ ನಿಂತು ನೋಡಿ. ಅವರ ಹತ್ತಿರ ಬೋರ್ಡಿಲ್ಲ, ಕರಪತ್ರವಿಲ್ಲ. ಹಣ್ಣಿನ ಮೈಗೆ ಚಾಕು ಇಳಿಸಿ ಮೂರು ಮೂಲೆಯ ಒಂದು ತುಂಡನ್ನು ಹೊರಗೆಳೆದು, "ನೋಡಿ ಅಣ್ಣ, ಕೆಂಪಗಿಲ್ಲ ಅಂದ್ರೆ ತಗೋಬೇಡಿ" ಅನ್ನುತ್ತಾರೆ. ಚೌಕಾಸಿ ಅರ್ಧ ಅಲ್ಲಿಗೇ ನಿಲ್ಲುತ್ತದೆ. ನಾನು ಕನ್ನಡದ ಒಂದು ವಾಹಿನಿಯ ಪ್ರೋಮೊ ವಿಭಾಗದಲ್ಲಿ ಹಲವು ವರ್ಷ ಕೂತು, ಧಾರಾವಾಹಿಗಳ ಮೂವತ್ತು ಸೆಕೆಂಡಿನ ತುಣುಕುಗಳನ್ನು ಕತ್ತರಿಸಿ ಜೋಡಿಸಿದವನು. ಆದರೂ, ಸರಕು ಮಾರುವ ವಿಡಿಯೊ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಮೂರು ಮೂಲೆಯ ತುಂಡು.

ಎರಡು ವರ್ಷದ ಹಿಂದೆ, ಪಾಂಡವಪುರದ ಕಡೆ ಆಲೆಮನೆ ನಡೆಸುವ ನಮ್ಮ ಸೋದರತ್ತೆಯ ಮಗ ಫೋನ್ ಮಾಡಿದ. "ಭಾವ, ಮಂಡಿಗೆ ಹಾಕುದ್ರೆ ಅವ್ರು ಹೇಳಿದ್ದೇ ರೇಟು. ಮನೆಮನೆಗೆ ಮಾರನ ಅಂದ್ರೆ ನಮ್ ಬೆಲ್ಲ ಕರ್ರಗದೆ, ಯಾರೂ ಮುಟ್ಟಕಿಲ್ಲ. ಒಂದ್ ವಿಡಿಯೊ ಮಾಡ್ಕೊಡಿ." ಅಷ್ಟರಲ್ಲಾಗಲೇ ಯಾರೋ ಬಂದು, ಡ್ರೋನ್ ಹಾರಿಸಿ, ಹಿಂದೆ ಹಾಡು ಹಾಕಿ, ಸಿನಿಮಾದ ಹಾಗೆ ಮಾಡಿಕೊಡುತ್ತೇವೆ ಎಂದು ದೊಡ್ಡ ಮೊತ್ತ ಹೇಳಿ ಹೋಗಿದ್ದರು. ನಾನು ಅದು ಬೇಡ ಎಂದೆ. ಅವನ ಜೇಬಿನಲ್ಲಿದ್ದ ಫೋನು ಸಾಕಿತ್ತು. ಆಮೇಲಿನ ಎರಡು ಹಂಗಾಮುಗಳಲ್ಲಿ ನಾವಿಬ್ಬರೂ ತಪ್ಪಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಉಪ್ಪಿನಕಾಯಿ ಹಾಕುವವರಾಗಿರಲಿ, ಸೀರೆ ನೇಯುವವರಾಗಿರಲಿ, ಸಸಿ ಮಾರುವವರಾಗಿರಲಿ, ಬಹುಪಾಲು ನಿಮಗೂ ಹೊಂದುತ್ತದೆ.

ಟಿ.ವಿ.ಯ ಬಾಗಿಲು ಯಾರಿಗೆ ತೆರೆದಿತ್ತು

ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಂದು. ಅಂದಿನಿಂದ ಟಿ.ವಿ.ಯ ಸಮಯ ಕಾಸಿಗೆ ಸಿಗುವ ಸರಕಾಯಿತು. ವಾಹಿನಿಗಳು ಅದನ್ನು 10 ಸೆಕೆಂಡಿನ ಲೆಕ್ಕದಲ್ಲಿ ಮಾರುತ್ತವೆ. ಸೋಪು, ಟೂತ್‌ಪೇಸ್ಟು, ಅಡುಗೆ ಎಣ್ಣೆಯ ದೊಡ್ಡ ಕಂಪನಿಗಳಿಗೆ ಅದು ಕೈಗೆಟುಕುತ್ತಿತ್ತು. ಆಲೆಮನೆಯವನಿಗೆ ಹೆಚ್ಚೆಂದರೆ ಊರಿನ ಕೇಬಲ್‌ನವರು ಪರದೆಯ ಕೆಳಗೆ ಓಡಿಸುವ ಒಂದು ಸಾಲಿನ ಅಕ್ಷರ.

ಇನ್ನೊಂದು ಸಂಗತಿ ನನ್ನನ್ನು ಕೆಲಸದಲ್ಲಿದ್ದಾಗಲೂ ಕಾಡುತ್ತಿತ್ತು. ದೇಶದಲ್ಲಿ ಟಿ.ವಿ. ಇರುವ ಮನೆಗಳು ಸುಮಾರು 23 ಕೋಟಿ. ಯಾರು ಏನು ನೋಡಿದರು ಎಂದು ಅಳೆಯುವ ಬಾರ್ಕ್ ಮೀಟರುಗಳು ಇದ್ದದ್ದು ಸುಮಾರು 58,000. ಪ್ರತಿ ಗುರುವಾರ ಟಿ.ಆರ್.ಪಿ. ಬಂದಾಗ ಕಚೇರಿಯಲ್ಲಿ ಕೆಲವರ ಮುಖ ಅರಳುತ್ತಿತ್ತು, ಕೆಲವರದು ಬಾಡುತ್ತಿತ್ತು. ಆ ಇಡೀ ಲೆಕ್ಕ ನಿಂತಿದ್ದದ್ದು ಇಷ್ಟು ಮನೆಗಳ ಅಂದಾಜಿನ ಮೇಲೆ. ಇಂದು ನಮ್ಮ ಅತ್ತೆ ಮಗ ಹಾಕುವ ಎರಡು ನಿಮಿಷದ ವಿಡಿಯೊವನ್ನು ಜನ ಎಷ್ಟನೆಯ ಸೆಕೆಂಡಿನಲ್ಲಿ ಬಿಟ್ಟು ಹೋದರು ಎಂಬುದನ್ನು ಯೂಟ್ಯೂಬ್ ಅವನಿಗೆ ಗೆರೆ ಎಳೆದು ತೋರಿಸುತ್ತದೆ, ಅದೂ ಬಿಟ್ಟಿಯಾಗಿ. ಈ ಅನುಕೂಲ ಎಷ್ಟು ದೊಡ್ಡದು ಎಂದು ಟಿ.ವಿ.ಯಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ.

ಬದಲಾವಣೆಯ ಮೆಟ್ಟಿಲುಗಳು ಓದುಗರಿಗೆ ಗೊತ್ತಿರುವಂಥವೇ. 2005ರ ಏಪ್ರಿಲ್ 23ರಂದು ಯೂಟ್ಯೂಬ್‌ಗೆ ಮೊದಲ ವಿಡಿಯೊ ಏರಿತು. ಅದರ ಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಮ್ ಸ್ಯಾನ್ ಡಿಯೇಗೊದ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಕೆಲವೇ ಸೆಕೆಂಡು ಆಡಿದ ಮಾತು ಅದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾದ ಬೆಲೆ ಕುಸಿದ ಮೇಲೆ ನಮ್ಮ ಹಳ್ಳಿಗಳಲ್ಲಿ ವಿಡಿಯೊ ನೋಡುವುದು ದುಬಾರಿ ಹವ್ಯಾಸವಾಗಿ ಉಳಿಯಲಿಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ಭಾರತದಲ್ಲೇ ಪರೀಕ್ಷೆಗೆ ಇಳಿಸಿತು. 2022ರಲ್ಲಿ ಕನ್ನಡದ ಬಿಗ್ ಬಾಸ್ ಮೊದಲು ಓಟಿಟಿಯಲ್ಲಿ ನಡೆದು, ಅಲ್ಲಿ ಗೆದ್ದು ಬಂದವರು ಟಿ.ವಿ.ಯ ಮನೆಯೊಳಗೆ ಹೋದರು. ಮೊದಲೆಲ್ಲ ಟಿ.ವಿ.ಯಲ್ಲಿ ಬಂದದ್ದು ಆಮೇಲೆ ಫೋನಿಗೆ ಬರುತ್ತಿತ್ತು, ಈ ಸಲ ಅದು ತಿರುಗುಮುರುಗಾಯಿತು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡುತ್ತಿದ್ದರು. 2024ರಲ್ಲಿ ಭಾರತದ ಮಾಧ್ಯಮ ಮತ್ತು ಮನರಂಜನಾ ಉದ್ಯಮದ ಆದಾಯದಲ್ಲಿ ಡಿಜಿಟಲ್ ಪಾಲು ಶೇ 32ಕ್ಕೇರಿ ಮೊದಲ ಬಾರಿಗೆ ಟಿ.ವಿ.ಯನ್ನು ದಾಟಿತು ಎಂದು ಫಿಕ್ಕಿ–ಇವೈ ವರದಿ ಹೇಳಿತು.

ಹಾಗೆಂದು ಟಿ.ವಿ. ಮುಗಿಯಿತು ಎಂದುಕೊಳ್ಳಬೇಡಿ. ಸಂಜೆ ಏಳರ ಧಾರಾವಾಹಿಗೆ ಕುಕ್ಕರ್ ಇಳಿಸಿ ಬಂದು ಕೂರುವ ಮನೆಗಳು ಇನ್ನೂ ಬೇಕಾದಷ್ಟಿವೆ. ಬದಲಾಗಿರುವುದು ಆ ಪೆಟ್ಟಿಗೆಯೊಳಗೆ ಏನು ಬರುತ್ತದೆ ಎಂಬುದು. ಅಮೆರಿಕದಲ್ಲಿ ಜನ ಯೂಟ್ಯೂಬ್ ನೋಡಲು ಫೋನಿಗಿಂತ ಟಿ.ವಿ. ಪರದೆಯನ್ನೇ ಹೆಚ್ಚು ಹೊತ್ತು ಬಳಸುತ್ತಿದ್ದಾರೆ ಎಂದು ಅದರ ಮುಖ್ಯಸ್ಥ ನೀಲ್ ಮೋಹನ್ 2025ರ ಫೆಬ್ರುವರಿಯಲ್ಲಿ ತಿಳಿಸಿದರು. ನಮ್ಮಲ್ಲೂ ಸ್ಮಾರ್ಟ್ ಟಿ.ವಿ. ಇರುವ ಮನೆಯಲ್ಲಿ ಊಟದ ಹೊತ್ತಿಗೆ ಅಡುಗೆ ಚಾನೆಲ್ಲೋ ಪ್ರವಾಸದ ಚಾನೆಲ್ಲೋ ಓಡುತ್ತಿರುತ್ತದೆ. ಡಾ. ಬ್ರೋ ಅವರ ದೇಶ ಸುತ್ತಾಟವನ್ನು ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುವುದು ಆ ಪರದೆಯ ಮೇಲೆಯೇ. ನಿಮ್ಮ ವಿಡಿಯೊ ಕೂಡ ಅಲ್ಲಿಗೆ ತಲುಪಬಹುದು. ಹಾಗಾಗಿ ಐದಾರು ನಿಮಿಷದ್ದನ್ನು ಚಿತ್ರೀಕರಿಸುವಾಗ ಫೋನನ್ನು ಅಡ್ಡ ಹಿಡಿಯಿರಿ. ರೀಲ್ಸ್, ಶಾರ್ಟ್ಸ್, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಉದ್ದ ಹಿಡಿಯಿರಿ. ಅಡ್ಡ ತೆಗೆದದ್ದನ್ನು ಕತ್ತರಿಸಿ ಉದ್ದ ಮಾಡಿದರೆ ಗಾಣ ಒಂದು ಕಡೆ, ಕಬ್ಬು ಕೊಡುವ ಕೈ ಇನ್ನೊಂದು ಕಡೆ ತುಂಡಾಗುತ್ತದೆ. ನಾವು ಮೊದಲ ವಾರ ಮಾಡಿದ ತಪ್ಪು ಅದೇ.

ಏನು ತೋರಿಸಬೇಕು

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಕಾದ ಪ್ರಶ್ನೆ ಇದು. ಬಹಳ ಜನ ಕ್ಯಾಮೆರಾ ಯಾವುದು, ಎಡಿಟಿಂಗ್ ಆ್ಯಪ್ ಯಾವುದು ಎಂದು ಕೇಳುತ್ತಾರೆ. ಅದು ಆಮೇಲಿನ ಮಾತು. ಮೊದಲು ಒಂದು ಹಾಳೆ ತೆಗೆದುಕೊಂಡು, ನಿಮ್ಮ ಗಿರಾಕಿಗಳು ಕೊಳ್ಳುವ ಮುಂಚೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆಯಿರಿ. ಅನುಮಾನಗಳನ್ನಂತೂ ಬಿಡದೆ ಬರೆಯಿರಿ. ನಮ್ಮ ಪಟ್ಟಿಯಲ್ಲಿ ಮೊದಲಿದ್ದದ್ದು "ಯಾಕಿಷ್ಟು ಕಪ್ಪು?"

ಬೆಲ್ಲ ಮಾಡುವವರಿಗೆ ಇದು ದಿನನಿತ್ಯದ ನೋವು. ಪೇಟೆಯವರಿಗೆ ಬಂಗಾರದ ಬಣ್ಣದ ಬೆಲ್ಲ ಬೇಕು. ಆ ಬಣ್ಣ ಬರಿಸಲು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುವ ಅಭ್ಯಾಸ ಎಷ್ಟೋ ಕಡೆ ಇದೆ. ಹಾಕದಿದ್ದರೆ ಬೆಲ್ಲ ಕಂದು, ಕೆಲವು ಸಲ ಕಾಫಿಬೀಜದ ಬಣ್ಣ. ಇದನ್ನು ನೂರು ಸಲ ಬಾಯಲ್ಲಿ ಹೇಳಿದರೂ ಗಿರಾಕಿ ನಂಬುವುದಿಲ್ಲ, "ಮಾರೋರು ಹಂಗೇ ಹೇಳ್ತಾರೆ" ಅನ್ನುತ್ತಾರೆ. ಅದಕ್ಕೆ ನಾವು ಒಂದು ಇಡೀ ಅಡಿಗೆಯನ್ನು, ಅಂದರೆ ಒಂದು ಕೊಪ್ಪರಿಗೆ ಕಬ್ಬಿನ ಹಾಲು ಬೆಲ್ಲವಾಗುವ ತನಕ, ತುಂಡು ತುಂಡಾಗಿ ಚಿತ್ರೀಕರಿಸಿದೆವು. ಗಾಣದಿಂದ ಕಬ್ಬಿನ ಹಾಲು ಇಳಿಯುವಾಗಲೇ ಅದು ಬೂದಿ ಮಿಶ್ರಿತ ಹಸಿರು, ಬಿಳಿಯಲ್ಲ. ಬೆಂಡೆ ಗಿಡದ ಕಾಂಡ ಜಜ್ಜಿದ ಲೋಳೆ ಬಿಟ್ಟಾಗ ಕಸವೆಲ್ಲ ಮಡ್ಡಿಯಾಗಿ ಮೇಲೆ ಕಟ್ಟುತ್ತದೆ, ಅದನ್ನು ಜಾಲರಿಯಲ್ಲಿ ಎತ್ತಿ ಎಸೆಯುತ್ತಾರೆ. ಕುದಿ ಏರುತ್ತಾ ಹಸಿರು ಹೋಗಿ ಜೇನಿನ ಬಣ್ಣ, ಆಮೇಲೆ ಕಂದು. ಪಾಕ ಬಂತೋ ಇಲ್ಲವೋ ಎಂದು ತಣ್ಣೀರಿಗೆ ಒಂದಿಷ್ಟು ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ಅಚ್ಚಿಗೆ ಸುರಿಯುವ ತನಕ ಎಲ್ಲವೂ ಇತ್ತು. ನಡುವೆ ಮಾತು ಬಹಳ ಕಡಿಮೆ. ಕೊನೆಗೆ ಅವನು ಅಚ್ಚು ಬಿಚ್ಚಿ ಒಂದು ಬೆಲ್ಲವನ್ನು ಒಡೆದು ಒಳಗಿನ ಬಣ್ಣವನ್ನು ಕ್ಯಾಮೆರಾ ಮುಂದೆ ಹಿಡಿದ. ಕಲ್ಲಂಗಡಿ ಕೊಯ್ದ ಹಾಗೆ.

ಬೆಲೆಯ ಪ್ರಶ್ನೆಗೂ ಅಂಥದೇ ಉತ್ತರ. ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದಲ್ಲ ಎನ್ನುವವರಿಗೆ ಒಂದು ಟನ್ ಕಬ್ಬಿನ ರಾಶಿಯನ್ನೂ, ಅದರಿಂದ ಹೆಚ್ಚುಕಡಿಮೆ 100 ಕೆ.ಜಿ. ಬೆಲ್ಲವಷ್ಟೇ ಬಂದದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆವು. ರಚ್ಚು, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ, ಒಣಗಿಸುವವರು, ಒಲೆಗೆ ಉರಿ ಹಾಕುವವರು, ಪಾಕ ನೋಡುವವರು ಅದರಲ್ಲಿ ಇದ್ದರು. ಬೆಲೆಯ ಬಗ್ಗೆ ಒಂದೇ ಒಂದು ಮಾತು ಆಡಲಿಲ್ಲ.

ಪ್ರತಿ ಕಸುಬಿನಲ್ಲೂ ಇಂಥ ಒಂದು ಕ್ಷಣ ಇರುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕೋಲನ್ನು ಒತ್ತಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಬಿಳಿಯ ಮರ ಕಣ್ಣೆದುರೇ ಕೆಂಪಾಗುತ್ತದೆ. ಹತ್ತು ಸೆಕೆಂಡು ಸಾಕು, ಇದು ಡಬ್ಬದ ಬಣ್ಣ ಬಳಿದ ಪ್ಲಾಸ್ಟಿಕ್ ಅಲ್ಲ ಎಂದು ಮಗುವಿಗೂ ತಿಳಿಯುತ್ತದೆ. ಇಳಕಲ್ ಸೀರೆಯವರಿಗೆ ಒಡಲಿನ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ಕೆಲಸವಿದೆ. ಮಗ್ಗದಲ್ಲಿ ಆ ಕೊಂಡಿ ಬೀಳುವುದನ್ನೂ, ಸಿದ್ಧವಾದ ಸೀರೆಯಲ್ಲಿ ಅದು ಎಲ್ಲಿ ಕಾಣುತ್ತದೆ ಎಂಬುದನ್ನೂ ತೋರಿಸಿದರೆ, ಕೊಳ್ಳುವವರಿಗೆ ಅಂಗಡಿಯಲ್ಲಿ ಏನನ್ನು ತಿರುವಿ ನೋಡಬೇಕು ಎಂದು ಗೊತ್ತಾಗುತ್ತದೆ. ಹೊಲಿಗೆಯವರು ಬ್ಲೌಸಿನ ಒಳಮಗ್ಗುಲನ್ನು ತಿರುಗಿಸಿ ತೋರಿಸಲಿ. ನರ್ಸರಿಯವರು ಸಸಿಯನ್ನು ಚೀಲದಿಂದ ಬಿಡಿಸಿ ಬೇರನ್ನು ತೋರಿಸಲಿ. ಮರೆಯಲ್ಲಿರುವುದನ್ನು ಬೆಳಕಿಗೆ ಹಿಡಿಯುವ ಆ ಕ್ಷಣ ಯಾವುದು ಎಂದು ನಿಮಗೆ ಗೊತ್ತಾದ ಮೇಲೆಯೇ ಫೋನು ಹೊರಗೆ ತೆಗೆಯಿರಿ.

ಅಡುಗೆಯವರು ಭಟ್ ಎನ್ ಭಟ್ ಚಾನೆಲ್ ನೋಡಬೇಕು. ಅದನ್ನು ನಡೆಸುವವರು ಕಾಸರಗೋಡು ಕಡೆಯ ತಮ್ಮ ಮನೆಯ ಅಡುಗೆಮನೆಯಲ್ಲೇ, ಅಲ್ಲಿನ ಹವ್ಯಕ ಅಡುಗೆಯನ್ನು, ತಾವಾಡುವ ಕನ್ನಡದಲ್ಲೇ ಮಾಡಿ ತೋರಿಸಿದ್ದಾರೆ. ನಿಮ್ಮ ಭಾಷೆಯನ್ನು ಟಿ.ವಿ.ಯ ನಿರೂಪಕರ ಹಾಗೆ ತಿದ್ದಿಕೊಳ್ಳಲು ಹೋಗಬೇಡಿ. ಮಂಡ್ಯದವರು ಮಂಡ್ಯದ ಕನ್ನಡ, ಬಾಗಲಕೋಟೆಯವರು ಬಾಗಲಕೋಟೆಯ ಕನ್ನಡ ಆಡಿದರೆ ಸರಕು ಯಾವ ಊರಿನದು ಎಂಬ ಸಾಕ್ಷಿ ಮಾತಲ್ಲೇ ಸಿಕ್ಕಿಬಿಡುತ್ತದೆ.

ಮೊದಲ ಮೂರು ಸೆಕೆಂಡು

ಪ್ರೋಮೊ ವಿಭಾಗದಲ್ಲಿ ನಮಗೆ ಹಿರಿಯರು ಕಲಿಸಿದ್ದು, ಕಪಾಳಕ್ಕೆ ಹೊಡೆಯುವ ದೃಶ್ಯವಿದ್ದರೆ ಎತ್ತಿದ ಕೈಯಿಂದಲೇ ಶುರುಮಾಡು ಎಂದು. ಫೋನಿನಲ್ಲಿ ಈ ಮಾತು ಇನ್ನೂ ಸತ್ಯ. ಬೆರಳು ಮೇಲಕ್ಕೆ ತಳ್ಳಲು ಕಾದಿರುತ್ತದೆ. "ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ, ಮೊದಲು ಸಬ್‌ಸ್ಕ್ರೈಬ್ ಮಾಡಿ" ಎನ್ನುವಷ್ಟರಲ್ಲಿ ನೋಡುವವರು ಮುಂದಿನ ವಿಡಿಯೊದಲ್ಲಿರುತ್ತಾರೆ. ನಮ್ಮ ಮೊದಲ ವಿಡಿಯೊ ಹಾಗೇ ಶುರುವಾಗಿ, ಯೂಟ್ಯೂಬ್ ತೋರಿಸುವ ಆ ಗೆರೆ ಶುರುವಿನಲ್ಲೇ ಜಾರುಬಂಡೆಯಂತೆ ಇಳಿದಿತ್ತು. ಅದನ್ನು ತೆಗೆದು, ಒಡೆದ ಕಪ್ಪು ಬೆಲ್ಲವನ್ನು ಹಿಡಿದು "ಇದು ಕೆಟ್ಟಿಲ್ಲ, ಇದೇ ಸರಿಯಾದ ಬಣ್ಣ" ಎಂಬ ಒಂದು ಮಾತಿನಿಂದ ಶುರುಮಾಡಿದ ಮೇಲೆ ಗೆರೆ ನಿಂತಿತು. ಹೆಸರು, ಊರು, ಫೋನ್ ನಂಬರು ಆಮೇಲೆ ಬರಲಿ.

ಕಾಸು ಕೊಟ್ಟು ಹಾಕಿಸುವ ಜಾಹೀರಾತಿಗೂ ಇದೇ ಲೆಕ್ಕ. ಯೂಟ್ಯೂಬ್‌ನಲ್ಲಿ ಐದು ಸೆಕೆಂಡಾದ ಮೇಲೆ ದಾಟಿಸಿಬಿಡಬಹುದಾದ ಜಾಹೀರಾತು 2010ರ ಕೊನೆಯಲ್ಲಿ ಬಂತು. ನಿಮ್ಮ ಬಳಿ ಇರುವುದು ಆ ಐದು ಸೆಕೆಂಡು ಮಾತ್ರ ಎಂದುಕೊಂಡೇ ಕೆಲಸ ಮಾಡಿ.

ತೆಗೆಯುವ ಕೆಲಸ

ಫೋನಿನ ಹಿಂಬದಿ ಕ್ಯಾಮೆರಾ, 1080ಪಿ ಸಾಕು. ಶುರುಮಾಡುವ ಮುಂಚೆ ಲೆನ್ಸನ್ನು ಒಣಗಿದ ಹತ್ತಿ ಬಟ್ಟೆಯಿಂದ ಒರೆಸಿ. ಜೇಬಿನ ಎಣ್ಣೆ ಬೆವರು ಮೆತ್ತಿಕೊಂಡು ಚಿತ್ರ ಮಂಜಾಗುವುದೇ ಹೆಚ್ಚು. ಬಾಗಿಲು ಅಥವಾ ಕಿಟಕಿಯ ಬೆಳಕು ಸರಕಿನ ಮೇಲೆ ಪಕ್ಕದಿಂದ ಬೀಳಲಿ, ಕ್ಯಾಮೆರಾ ಕಿಟಕಿಗೆ ಬೆನ್ನು ಮಾಡಿರಲಿ ಅಥವಾ ಅಡ್ಡ ನಿಂತಿರಲಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೆಲ್ಲವೂ ಸೀರೆಯೂ ಸುಟ್ಟಂತೆ ಕಾಣುತ್ತವೆ. ಬೆಳಗ್ಗೆ ಹತ್ತರೊಳಗೆ ಇಲ್ಲವೇ ನಾಲ್ಕರ ಮೇಲೆ ತೆಗೆಯಿರಿ. ಪರದೆಯ ಮೇಲೆ ಸರಕು ಇರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಬೆಳಕು ಮತ್ತು ಫೋಕಸ್ ಅಲ್ಲಿಗೆ ನಿಲ್ಲುತ್ತವೆ. ಇದೊಂದು ಗೊತ್ತಿಲ್ಲದೆ ನಮ್ಮ ಕೊಪ್ಪರಿಗೆಯ ಹಬೆ ಎದ್ದಾಗಲೆಲ್ಲ ಚಿತ್ರ ಬೆಳ್ಳಗಾಗಿ ಕಪ್ಪಗಾಗಿ ಕುಣಿಯುತ್ತಿತ್ತು. ಬೆಲ್ಲದ ನಿಜವಾದ ಬಣ್ಣ ತೋರಿಸಲು ಹೊರಟ ವಿಡಿಯೊಗೆ ಅದಕ್ಕಿಂತ ದೊಡ್ಡ ಕೇಡಿಲ್ಲ. ಅದೇ ಕಾರಣಕ್ಕೆ ಬಣ್ಣ ತಿದ್ದುವ ಫಿಲ್ಟರ್ ಹಾಕಲೇಬೇಡಿ. ಸೀರೆಯವರು ಇದನ್ನು ಎರಡು ಸಲ ಓದಿಕೊಳ್ಳಲಿ. ಪರದೆಯ ನೇರಳೆ ಮನೆಗೆ ಹೋಗಿ ಕಂದಾದರೆ ಸೀರೆ ವಾಪಸು ಬರುತ್ತದೆ.

ಚಿತ್ರ ಸ್ವಲ್ಪ ಅಲುಗಿದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಅಂಗಿಯ ಕಾಲರಿಗೆ ಸಿಕ್ಕಿಸುವ ತಂತಿ ಮೈಕು ಕಡಿಮೆ ಬೆಲೆಗೇ ಸಿಗುತ್ತದೆ, ನಾವು ಕೊಂಡದ್ದು ಅದೊಂದನ್ನೇ, ಜೊತೆಗೆ ಒಂದು ಸ್ಟ್ಯಾಂಡು. ಫ್ಯಾನು ಆರಿಸಿ. ಗಾಣದ ಸದ್ದು ಇರಲಿ, ಆದರೆ ಅದರ ಪಕ್ಕ ನಿಂತು ಮಾತಾಡಬೇಡಿ. ಸದ್ದನ್ನು ಬೇರೆ ತೆಗೆದುಕೊಂಡು, ಮಾತನ್ನು ರಚ್ಚಿನ ಗುಡ್ಡದ ಮರೆಯಲ್ಲಿ ಹೇಳಿಸಿದರೆ ಎರಡೂ ಚೆನ್ನಾಗಿ ಬರುತ್ತವೆ. ಕೆಳಗೆ ಕನ್ನಡದ ಅಕ್ಷರಗಳನ್ನೂ ಹಾಕಿ. ಬಸ್ಸಿನಲ್ಲಿ ಧ್ವನಿ ತೆಗೆದು ನೋಡುವವರೂ, ಕಿವಿ ಕೇಳಿಸದವರೂ ನಿಮ್ಮ ಗಿರಾಕಿಗಳೇ.

ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಆಸೆ ಎಲ್ಲರಿಗೂ. ಹಾಡಿಗೆ ಹಕ್ಕುದಾರರಿದ್ದಾರೆ, ಸರಕು ಮಾರುವ ವಿಡಿಯೊಗೆ ಅದನ್ನು ಬಳಸಲು ಅವರ ಪರವಾನಗಿ ಬೇಕು. ಯೂಟ್ಯೂಬ್ ಹಾಡುಗಳನ್ನು ತಾನೇ ಗುರುತು ಹಿಡಿಯುತ್ತದೆ. 90 ದಿನದೊಳಗೆ ಹಕ್ಕುಸ್ವಾಮ್ಯದ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಬಿಟ್ಟಿ ಬಳಸಬಹುದಾದ ಸಂಗೀತ ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿದೆ. ನನ್ನನ್ನು ಕೇಳಿದರೆ ಪಾಕ ಕುದಿಯುವ ಸದ್ದಿಗಿಂತ ಒಳ್ಳೆಯ ಸಂಗೀತ ಬೇಡ.

ಕೆಲಸಗಾರರನ್ನು ತೋರಿಸುವ ಮುಂಚೆ ಅವರನ್ನು ಕೇಳಿ. ನಮ್ಮ ಆಲೆಮನೆಯಲ್ಲಿ ಒಬ್ಬ ಹೆಂಗಸು, "ನನ್ ಮುಖ ಬ್ಯಾಡ ಕಣಪ್ಪ, ಕೈ ಬೇಕಾರೆ ತಗೊ" ಎಂದರು. ಅವರ ಕೈಯಷ್ಟನ್ನೇ ತೆಗೆದೆವು.

ಎಲ್ಲಿ ಹಾಕಬೇಕು

ಮೂರು ಜಾಗಕ್ಕೆ ಮೂರು ಕೆಲಸ. ರೀಲ್ಸ್ ಮತ್ತು ಶಾರ್ಟ್ಸ್ ಹೊಸಬರಿಗೆ ನಿಮ್ಮ ಮುಖ ಪರಿಚಯ ಮಾಡಿಸುತ್ತವೆ. ಯೂಟ್ಯೂಬ್‌ನ ಉದ್ದ ವಿಡಿಯೊ ನಂಬಿಕೆ ಕಟ್ಟುತ್ತದೆ. ಎರಡು ವರ್ಷ ಕಳೆದ ಮೇಲೂ ಯಾರೋ ಹುಡುಕಿಕೊಂಡು ಬಂದು ನೋಡುತ್ತಾರೆ. ವ್ಯಾಪಾರ ಕುದುರುವುದು ವಾಟ್ಸ್ಆ್ಯಪ್‌ನಲ್ಲಿ. ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಹಾಕಿಕೊಂಡರೆ ಸರಕಿನ ಚಿತ್ರ, ಬೆಲೆ ಎಲ್ಲವನ್ನೂ ಪಟ್ಟಿಯಾಗಿ ಇಡಬಹುದು. ಈಗಾಗಲೇ ಕೊಂಡವರಿಗೆ "ನಾಳೆ ಹೊಸ ಅಡಿಗೆ" ಎಂದು ಸ್ಟೇಟಸ್ ಹಾಕಿದರೆ, ಅಪರಿಚಿತರ ಸಾವಿರ ವೀಕ್ಷಣೆಗಿಂತ ಹೆಚ್ಚು ಬೆಲ್ಲ ಅದರಿಂದ ಹೋಗುತ್ತದೆ. ಇದು ನಮ್ಮ ಅನುಭವ.

ಯೂಟ್ಯೂಬ್ ಶೀರ್ಷಿಕೆಯಲ್ಲಿ ಜನ ಹುಡುಕುವ ಮಾತೇ ಇರಲಿ. "ನಮ್ಮ ಆಲೆಮನೆ ಭಾಗ 3" ಎಂದು ಯಾರೂ ಹುಡುಕುವುದಿಲ್ಲ, "ಬೆಲ್ಲ ಯಾಕೆ ಕಪ್ಪಗಿರುತ್ತದೆ" ಎಂದು ಹುಡುಕುತ್ತಾರೆ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರು ಬಹಳ, ಆದ್ದರಿಂದ ವಿವರಣೆಯಲ್ಲಿ ಆ ರೂಪವನ್ನೂ ಸೇರಿಸಿ. ಊರು, ತಾಲ್ಲೂಕಿನ ಹೆಸರು ಮರೆಯಬೇಡಿ.

ವಾರಕ್ಕೊಂದು ವಿಡಿಯೊ ಸಾಕು, ಕೆಲಸ ನಿಲ್ಲಿಸಿ ವಿಡಿಯೊ ಮಾಡುವ ಗತಿ ಬರಬಾರದು. ಜಾಹೀರಾತಿಗೆ ದುಡ್ಡು ಹಾಕುವುದಾದರೆ, ದುಡ್ಡಿಲ್ಲದೆಯೇ ಚೆನ್ನಾಗಿ ಓಡಿದ ವಿಡಿಯೊಗೆ ಹಾಕಿ, ನಿಮ್ಮ ಸರಕು ತಲುಪಬಲ್ಲ ಊರುಗಳಿಗೆ ಮಾತ್ರ, ಸಣ್ಣ ಮೊತ್ತದಿಂದ. ಬಿಲ್ಲಿನಲ್ಲಿ ಶೇ 18 ಜಿ.ಎಸ್.ಟಿ. ಕೂಡುತ್ತದೆ ಎಂಬುದು ಲೆಕ್ಕದಲ್ಲಿರಲಿ. ವೀಕ್ಷಣೆ, ಫಾಲೋವರ್ ಮಾರುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಅವರು ಕೊಡುವ ಲೆಕ್ಕಕ್ಕೆ ಬೆಲ್ಲ ತಿನ್ನುವ ಬಾಯಿಲ್ಲ.

ಯೂಟ್ಯೂಬ್‌ನಿಂದ ಬರುವ ಜಾಹೀರಾತಿನ ಪಾಲು? ಅದಕ್ಕೆ 1,000 ಚಂದಾದಾರರು ಮತ್ತು ವರ್ಷದೊಳಗೆ 4,000 ಗಂಟೆಯ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಬಂದರೆ ಬರಲಿ. ನೀವು ಮಾರುವುದು ಬೆಲ್ಲ.

ಬಾಯಿಗೆ ಬಂದದ್ದು ಹೇಳಬಾರದು

ಇಲ್ಲಿ ನಾನು ಕಟ್ಟುನಿಟ್ಟು. "ಸಕ್ಕರೆ ಕಾಯಿಲೆಯವರೂ ಧಾರಾಳವಾಗಿ ತಿನ್ನಬಹುದು" ಎಂಬ ಮಾತು ಬೆಲ್ಲದ ಎಷ್ಟೋ ವಿಡಿಯೊಗಳಲ್ಲಿ ಕೇಳುತ್ತದೆ. ಅದು ಸುಳ್ಳು. ಬೆಲ್ಲದ ಬಹುಪಾಲು ಸಕ್ಕರೆಯ ಅಂಶವೇ, ತಿಂದರೆ ರಕ್ತದ ಸಕ್ಕರೆ ಏರುತ್ತದೆ. ನಂಬಿ ತಿಂದ ಒಬ್ಬ ಅಜ್ಜಿಗೆ ತೊಂದರೆಯಾದರೆ ಅದರ ಹೊಣೆ ಯಾರದು? ಕಾನೂನೂ ಸುಮ್ಮನಿಲ್ಲ. ಮಧುಮೇಹವೂ ಸೇರಿದಂತೆ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಎಂಬ ಔಷಧ ಜಾಹೀರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ, ಅದನ್ನು ಹೊಗಳಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಹೆಸರುವಾಸಿ ಯೂಟ್ಯೂಬರ್ ಒಬ್ಬರಿಗೆ ನಿಮ್ಮ ಸರಕು ಕಳಿಸಿ ಮಾತಾಡಿಸುವುದಾದರೆ, ಅದು ಜಾಹೀರಾತು ಎಂದು ಅವರು ವಿಡಿಯೊದಲ್ಲೇ, ವಿಡಿಯೊದ ಭಾಷೆಯಲ್ಲೇ ಸ್ಪಷ್ಟವಾಗಿ ಹೇಳಬೇಕು. ದುಡ್ಡು ಕೊಡದೆ ಎರಡು ಕೆ.ಜಿ. ಬೆಲ್ಲ ಬಿಟ್ಟಿ ಕೊಟ್ಟಿದ್ದರೂ ಈ ನಿಯಮ ಅನ್ವಯವಾಗುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದನ್ನು ಬಿಡಿಸಿ ಹೇಳಿದೆ. ತಿನ್ನುವ ಪದಾರ್ಥ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಇರಬೇಕು, ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ತೂಕ, ಬೆಲೆ, ತಯಾರಾದ ದಿನ, ವಿಳಾಸ ಬರೆದ ಆ ಚೀಟಿಯನ್ನು ವಿಡಿಯೊದಲ್ಲಿ ಹತ್ತಿರದಿಂದ ತೋರಿಸಿ. ಗಿರಾಕಿಗೆ ಅದೂ ಒಂದು ಕೊಯ್ದ ತುಂಡು.

ವಿಡಿಯೊ ಓಡತೊಡಗಿದ ಮೇಲೆ ಕಳ್ಳರೂ ಬರುತ್ತಾರೆ. ನಮ್ಮ ಕೊಪ್ಪರಿಗೆಯ ದೃಶ್ಯವನ್ನೇ ಕದ್ದು, ಬೇರೆ ಹೆಸರಿನ ಪುಟ ಮಾಡಿ, ಯಾರೋ ಮುಂಗಡ ವಸೂಲಿಗೆ ಇಳಿದಿದ್ದರು. ಗಿರಾಕಿಯೊಬ್ಬರು ಫೋನ್ ಮಾಡಿ ಬೈದ ಮೇಲೆಯೇ ನಮಗೆ ತಿಳಿದದ್ದು. ಅಂದಿನಿಂದ ಹೆಸರು ಮತ್ತು ಫೋನ್ ನಂಬರನ್ನು ಚಿತ್ರದ ನಡುಭಾಗದಲ್ಲೇ ತೆಳುವಾಗಿ ಅಚ್ಚು ಹಾಕುತ್ತೇವೆ. ಮೂಲೆಯಲ್ಲಿ ಹಾಕಿದರೆ ಕತ್ತರಿಸಿಬಿಡುತ್ತಾರೆ. ಇನ್ನೊಂದು ಬಗೆ, ದೊಡ್ಡ ಆರ್ಡರ್ ಕೊಟ್ಟು "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಎನ್ನುವವರು. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಯುಪಿಐ ಪಿನ್ ಒತ್ತುವುದೂ ಬೇಡ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ.

ಹಾಲು ಒಡೆದ ದಿನ

ಕಳೆದ ಹಂಗಾಮಿನಲ್ಲಿ, ಮುಂಬೈನಲ್ಲಿರುವ ಕನ್ನಡದ ಹೆಣ್ಣುಮಗಳೊಬ್ಬರು ಕಾಮೆಂಟಿನಲ್ಲಿ ಕೇಳಿದ್ದರು: ಈ ಬೆಲ್ಲ ಹಾಕಿ ಕಾಫಿ ಮಾಡಿದರೆ ಹಾಲು ಒಡೆಯುವುದಿಲ್ಲವೇ? ಅತ್ತೆ ಮಗನಿಗೆ ಹುರುಪು. ಒಲೆ ಹೊತ್ತಿಸಿ, ಫೋನು ಸ್ಟ್ಯಾಂಡಿಗಿಟ್ಟು, "ನೋಡ್ರಕ್ಕ, ಏನೂ ಆಗಕಿಲ್ಲ" ಎನ್ನುತ್ತಾ ಕುದಿಯುವ ಹಾಲಿಗೆ ಬೆಲ್ಲದ ತುಂಡು ಹಾಕಿದ. ಹಾಲು ಒಡೆಯಿತು. ರಾತ್ರಿ ನನಗೆ ಫೋನು. "ಭಾವ, ಮಾನ ಹೋಯ್ತು. ಡಿಲೀಟ್ ಮಾಡ್ಬುಡ್ಲಾ?"

"ಬ್ಯಾಡ ಕಣೋ, ಇಟ್ಕೊ. ಮುಂದಿನ್ದೂ ತಗಿ," ಎಂದೆ.

ಮಾರನೆಯ ದಿನ ಅತ್ತೆಯನ್ನೇ ಒಲೆ ಮುಂದೆ ಕೂರಿಸಿದ. ಅವರು ಡಿಕಾಕ್ಷನ್ನಿನಲ್ಲೇ ಬೆಲ್ಲ ಕರಗಿಸಿ, ಸೋಸಿ, ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಬಿಟ್ಟು, ಕಾಯಿಸಿ ಇಟ್ಟಿದ್ದ ಹಾಲನ್ನು ಸೇರಿಸಿದರು. ಒಡೆಯಲಿಲ್ಲ. "ಕುದಿಯೋ ಹಾಲ್ಗೆ ಬೆಲ್ಲ ಹಾಕ್ದ್ರೆ ಯಾವ್ ಬೆಲ್ಲಾನೂ ಒಡೀಬೋದು ಕಣ್ಮಗ, ನಿಂಗೆ ಯಾರ್ ಹೇಳಿದ್ರು ಹಂಗ್ ಹಾಕು ಅಂತ?" ಎಂದು ಅವರು ಮಗನನ್ನು ಗದರಿದ್ದು ಕೂಡ ರೆಕಾರ್ಡ್ ಆಗಿತ್ತು. ಒಡೆದ ಹಾಲು, ಗದರಿಕೆ, ಒಡೆಯದ ಕಾಫಿ, ಮೂರನ್ನೂ ಅದೇ ಕ್ರಮದಲ್ಲಿ ಜೋಡಿಸಿ ಹಾಕಿದೆವು. ಅವನ ಚಾನೆಲ್‌ನಲ್ಲಿ ಜನ ಕೊನೆಯ ತನಕ ನೋಡಿದ್ದು ಅದನ್ನೇ ಹೆಚ್ಚು. ಆ ವಾರ ಬಂದ ಆರ್ಡರುಗಳನ್ನು ಕಟ್ಟಿ ಕಳಿಸಲು ಪಕ್ಕದ ಮನೆಯ ಇಬ್ಬರನ್ನು ಕರೆಯಬೇಕಾಯಿತು. ಮುಂಬೈನವರು ಐದು ಕೆ.ಜಿ. ತರಿಸಿಕೊಂಡು, ಕಾಫಿ ಲೋಟದ ಚಿತ್ರ ಕಳಿಸಿ, ಕೆಳಗೆ ಇನ್ನೊಂದು ಪ್ರಶ್ನೆ ಬರೆದಿದ್ದರು: "ಶ್ಯಾವಿಗೆ ಪಾಯಸಕ್ಕೆ ಯಾವಾಗ ಹಾಕಬೇಕು? ಅತ್ತೆಯವರನ್ನೇ ಕೇಳಿ ಹೇಳಿ."